ಮೂವರು ಕೃಷ್ಣರಿಗೆ ಜಾಗವಿದೆ, ಮಕ್ಕಳಿಗಿಲ್ಲ

ಯುಗಾದಿ ಕಳೆದು ಹೊಲದ ಕೆಲಸ ಕೊಂಚ ಹಗುರಾಗುತ್ತಿದ್ದಂತೆ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕುಗಳ ಊರುಗಳಲ್ಲಿ ಪೌರಾಣಿಕ ನಾಟಕದ ಹ್ಯಾಂಡ್‌ಬಿಲ್ಲುಗಳು ಓಡಾಡತೊಡಗುತ್ತವೆ. ಬಹುಪಾಲು ‘ಕುರುಕ್ಷೇತ್ರ’ದವು. ಗಡಿಯತ್ತ ಸರಿದರೆ ತೆಲುಗು ಪದ್ಯನಾಟಕವೂ ಉಂಟು. ಜಾತ್ರೆಯೋ ರಾಮನವಮಿಯೋ, ನೆಪ ಯಾವುದೇ ಆಗಲಿ, ಸೀನರಿಯ ಲಾರಿ ಬರುತ್ತದೆ, ಹಾರ್ಮೋನಿಯಂ ಮೇಷ್ಟ್ರು ಬರುತ್ತಾರೆ, ಬೆಳಗಿನ ಜಾವದವರೆಗೆ ಹಾಡು ನಡೆಯುತ್ತದೆ. ಎದುರಿಗೆ ಕೊನೆಯವರೆಗೂ ಕೂತವರಲ್ಲಿ ಮಕ್ಕಳೆಷ್ಟು, ಹೆಂಗಸರೆಷ್ಟು ಎಂದು ಕೇಳಿದರೆ ಉತ್ತರ ಎಲ್ಲರ ನಾಲಿಗೆಯ ಮೇಲೂ ಸಿದ್ಧವಾಗಿದೆ. ಮೊಬೈಲ್ ಬಂತು, ಮಕ್ಕಳು ಕೆಟ್ಟರು. ಸೀರಿಯಲ್ ಬಂತು, ಹೆಂಗಸರು ಟಿವಿ ಬಿಟ್ಟು ಏಳುವುದಿಲ್ಲ. ಇದನ್ನು ನಾಟಕದ ಸಂಘದ ಅಧ್ಯಕ್ಷರೂ ಹೇಳುತ್ತಾರೆ, ಸನ್ಮಾನ ಮಾಡಿಸಿಕೊಳ್ಳಲು ಬಂದ ಮುಖಂಡರೂ ಹೇಳುತ್ತಾರೆ, ಸಾಹಿತ್ಯ ಸಮ್ಮೇಳನದ ಗೋಷ್ಠಿಗಳಲ್ಲಿ ಪ್ರಬಂಧ ಓದುವವರೂ ಹೇಳುತ್ತಾರೆ. ರೋಗ ಇದೇ ಎಂದು ತೀರ್ಮಾನವಾದ ಮೇಲೆ ಔಷಧಿಯೂ ಅದಕ್ಕೆ ತಕ್ಕಂತೆಯೇ ಇರುತ್ತದೆ: ನಡುನಡುವೆ ಸಿನಿಮಾ ಹಾಡು ಸೇರಿಸೋಣ, ಕಣ್ಣು ಕುಕ್ಕುವ ಲೈಟು ಹಾಕೋಣ, ಹವಾನಿಯಂತ್ರಿತ ರಂಗಮಂದಿರ ಕಟ್ಟಿಸೋಣ, ಬೇಸಿಗೆ ಶಿಬಿರ ಮಾಡಿ ಸಂಸ್ಕೃತಿಯ ಅರಿವು ಮೂಡಿಸೋಣ. ಈ ನಿದಾನವೇ ತಪ್ಪು ಎಂಬುದು ನನ್ನ ವಾದ. ಮಕ್ಕಳು ಹಾಡುನಾಟಕವನ್ನು ಬಿಟ್ಟುಹೋಗಲಿಲ್ಲ. ಮಕ್ಕಳಿಲ್ಲದೆಯೂ ನಡೆಯುವ ಹಾಗೆ ಅದನ್ನು ದೊಡ್ಡವರು ಬದಲಾಯಿಸಿಕೊಂಡರು. ಈ ಬದಲಾವಣೆ ಮೊಬೈಲಿಗಿಂತ ಬಹಳ ಹಿಂದಿನದು.

ಮೊದಲಿಗೆ, ಕುಟುಂಬಗಳು ಮನೆ ಬಿಟ್ಟು ಹೊರಡುವುದೇ ಇಲ್ಲ ಎಂಬ ಮಾತನ್ನು ಪರೀಕ್ಷಿಸೋಣ. ಡಿಸೆಂಬರಿನಿಂದ ಫೆಬ್ರವರಿಯವರೆಗೆ ಚಿಂತಾಮಣಿಯ ಯಾವುದಾದರೂ ಖಾಸಗಿ ಶಾಲೆಯ ವಾರ್ಷಿಕೋತ್ಸವಕ್ಕೆ ಹೋದರೆ ಆ ಮಾತು ಅಲ್ಲಿಯೇ ಬಿದ್ದುಹೋಗುತ್ತದೆ. ಕುರ್ಚಿ ಸಾಲದೆ ಜನ ಕಾಂಪೌಂಡಿನ ಮೇಲೆ ಹತ್ತಿರುತ್ತಾರೆ. ಅಜ್ಜಿಯರು ಬಂದಿರುತ್ತಾರೆ, ಕಂಕುಳ ಕೂಸುಗಳು ಬಂದಿರುತ್ತವೆ, ಬೇರೆ ಊರಿಗೆ ಕೊಟ್ಟ ಮಗಳೂ ಅಳಿಯನೂ ಬಂದಿರುತ್ತಾರೆ. ರಾತ್ರಿ ಹತ್ತಾದರೂ ಯಾರೂ ಕದಲುವುದಿಲ್ಲ. ಎಲ್ಲರ ಕೈಯಲ್ಲೂ ಮೊಬೈಲ್ ಇರುತ್ತದೆ, ಆದರೆ ಅದು ವೇದಿಕೆಯತ್ತ ತಿರುಗಿರುತ್ತದೆ. ಸರ್ಕಾರಿ ಶಾಲೆಯ ಹಬ್ಬದಲ್ಲೂ ಇದೇ ನೋಟ, ಶಾಮಿಯಾನ ಸ್ವಲ್ಪ ಚಿಕ್ಕದಿರಬಹುದು. ಸೀರಿಯಲ್ ಆ ರಾತ್ರಿಯೂ ಬರುತ್ತದೆ, ರೀಲ್ಸೂ ಬರುತ್ತದೆ, ಆದರೂ ಜನ ಹೊರಟು ಬಂದಿದ್ದಾರೆ. ಕಾರಣ ತಿಳಿಯಲು ಸಂಶೋಧನೆ ಬೇಕಿಲ್ಲ: ವೇದಿಕೆಯ ಮೇಲೆ ಅವರ ಮಗು ಇದೆ. ಹಾಗಿದ್ದ ಮೇಲೆ ಅದೇ ತಾಲ್ಲೂಕಿನ, ಕೆಲವೊಮ್ಮೆ ಅದೇ ಊರಿನ ‘ಕುರುಕ್ಷೇತ್ರ’ಕ್ಕೆ ಅದೇ ತಾಯಂದಿರು ಏಕೆ ಬರುವುದಿಲ್ಲ ಎಂಬ ಪ್ರಶ್ನೆಗೆ ಮೊಬೈಲ್ ಉತ್ತರವಾಗಲಾರದು. ಎರಡೂ ಕಡೆ ಸಮಾನವಾಗಿ ಇರುವ ವಸ್ತು ಎರಡು ಕಡೆಯ ವ್ಯತ್ಯಾಸಕ್ಕೆ ಕಾರಣ ಹೇಗಾದೀತು?

ಇನ್ನು ಈ ದೂರಿನ ವಯಸ್ಸು ನೋಡಿ. ಕನ್ನಡದ ಮೊದಲ ಮಾತಿನ ಚಿತ್ರ ‘ಸತಿ ಸುಲೋಚನ’ ತೆರೆಗೆ ಬಂದದ್ದು 1934ರಲ್ಲಿ. ಟಾಕಿ ಬಂತು, ನಾಟಕ ಮುಗಿಯಿತು ಎಂದು ಆಗಲೂ ಅಂದರು. ಅದೇ ವರ್ಷ ಗುಬ್ಬಿ ವೀರಣ್ಣನವರು ಬಿ. ಪುಟ್ಟಸ್ವಾಮಯ್ಯನವರ ‘ಕುರುಕ್ಷೇತ್ರ’ವನ್ನು ಬೆಂಗಳೂರಿನಲ್ಲಿ ಆನೆ ಕುದುರೆಗಳ ಸಮೇತ ರಂಗಕ್ಕೆ ತಂದರು, ಜನ ಟಿಕೆಟ್ ಕೊಂಡು ನೋಡಿದರು. ದೂರದರ್ಶನದಲ್ಲಿ 1987ರಿಂದ ರಾಮಾಯಣ, ಅದರ ಬೆನ್ನಿಗೇ ಮಹಾಭಾರತ ಬಂದಾಗ ಮತ್ತೆ ಅದೇ ಶೋಕ. 2016ರಲ್ಲಿ ಅಗ್ಗದ ಡೇಟಾ ಬಂದ ಮೇಲೆ ಅದೇ ಶೋಕಕ್ಕೆ ಹೊಸ ಹೆಸರು ಸಿಕ್ಕಿತು. ತೊಂಬತ್ತು ವರ್ಷ ಒಂದೇ ದೂರು, ಪ್ರತಿ ಸಲ ಬೇರೆ ಆರೋಪಿ. ಸಿನಿಮಾ, ಟಿವಿ, ಫೋನುಗಳಿಂದ ಹೊಡೆತವೇ ಬೀಳಲಿಲ್ಲ ಎನ್ನುತ್ತಿಲ್ಲ. ವೃತ್ತಿ ಕಂಪನಿಗಳನ್ನು ಸಿನಿಮಾ ಬಡವಾಗಿಸಿದ್ದು ನಿಜ; ಟಿಕೆಟ್ ದುಡ್ಡಿನ ಮೇಲೆ ನಿಂತಿದ್ದವರಿಗೆ ಅದು ಅನ್ನದ ಪ್ರಶ್ನೆಯಾಗಿತ್ತು. ಆದರೆ ಈ ನಾಲ್ಕು ತಾಲ್ಲೂಕುಗಳಲ್ಲಿ ಈಗ ನಡೆಯುತ್ತಿರುವ ನಾಟಕ ಟಿಕೆಟ್ಟಿನ ಮೇಲೆ ನಿಂತದ್ದೇ ಅಲ್ಲ. ಅದು ನಿಂತಿರುವ ನೆಲವೇ ಬೇರೆ. ಮೊಬೈಲನ್ನು ಬೈಯುವವರು ಆ ನೆಲದ ಸುದ್ದಿಗೇ ಹೋಗುವುದಿಲ್ಲ.

ಆ ನೆಲವೆಂದರೆ ಪಾತ್ರದ ದುಡ್ಡು. ಬಯಲುಸೀಮೆಯ ಈ ದಕ್ಷಿಣ ಭಾಗದಲ್ಲೆಲ್ಲ ಹವ್ಯಾಸಿ ಪೌರಾಣಿಕ ನಾಟಕದ ಲೆಕ್ಕಾಚಾರ ಒಂದೇ. ಪಾತ್ರ ಹಾಕುವವರು ದುಡ್ಡು ಹಾಕುತ್ತಾರೆ. ದುರ್ಯೋಧನ, ಕೃಷ್ಣ, ಭೀಮ, ಕರ್ಣರ ಪಾತ್ರಗಳಿಗೆ ಹೆಚ್ಚು, ವಿದುರ ದ್ರೋಣರಿಗೆ ಕಡಿಮೆ. ಸೀನರಿ, ಉಡುಪು, ಮೈಕು, ಹಾರ್ಮೋನಿಯಂ, ತಬಲ, ಹೊರಗಿಂದ ಕರೆಸುವ ನಟಿಯರ ಸಂಭಾವನೆ ಎಲ್ಲವೂ ಆ ಹಣದಲ್ಲೇ ಹುಟ್ಟಬೇಕು. ನೋಡುವವನಿಗೆ ಪುಕ್ಕಟೆ. ಕೇಳಲು ಇದು ಉದಾರವಾಗಿಯೇ ಇದೆ. ಸಾಲ ಮಾಡಿಯಾದರೂ ಬಣ್ಣ ಹಚ್ಚುವ ರೈತನ ಹಾಡಿನ ಹುಚ್ಚಿಗೆ ನಾನೂ ಕೈಮುಗಿಯುತ್ತೇನೆ. ಅದರ ಪರಿಣಾಮವನ್ನು ಮಾತ್ರ ಕಣ್ಣುಬಿಟ್ಟು ನೋಡಬೇಕು. ಇಲ್ಲಿ ಗಿರಾಕಿ ನೋಡುಗನಲ್ಲ, ನಟ. ಗುಬ್ಬಿ ಕಂಪನಿಗೆ ಕುಟುಂಬ ಬರದಿದ್ದರೆ ಮಾರನೆಯ ದಿನ ಒಲೆ ಉರಿಯುವಂತಿರಲಿಲ್ಲ; ಆದ್ದರಿಂದ ಕಂಪನಿ ಹೆಂಗಸರನ್ನೂ ಮಕ್ಕಳನ್ನೂ ಕಣ್ಣಿನಲ್ಲಿಟ್ಟುಕೊಂಡೇ ನಾಟಕ ಕಟ್ಟಿತು. ಊರ ನಾಟಕಕ್ಕೆ ಎದುರಿಗೆ ಐವತ್ತೇ ಜನ ಇದ್ದರೂ ನಷ್ಟವಿಲ್ಲ, ಏಕೆಂದರೆ ಹಣ ಮೊದಲೇ ಸಂದಾಯವಾಗಿದೆ. ನಷ್ಟವಾಗುವುದು ದುಡ್ಡು ಕೊಟ್ಟವನ ಹಾಡು ಬಿಟ್ಟುಹೋದಾಗ. ಹಾಗಾಗಿ ಒಂದೇ ನಾಟಕದಲ್ಲಿ ಒಂದನೇ ಕೃಷ್ಣ, ಎರಡನೇ ಕೃಷ್ಣ, ಮೂರನೇ ಕೃಷ್ಣ. ದುರ್ಯೋಧನನೂ ಇಬ್ಬರ ನಡುವೆ ಹಂಚಿಹೋಗುತ್ತಾನೆ. ಪಾತ್ರ ಕೇಳಿದವರು ಹೆಚ್ಚಿದ್ದರು, ಹಂಚಿದರು. ಕಥೆಗೆ ಅದು ಬೇಕಿರಲಿಲ್ಲ. ಸಂಧಾನಕ್ಕೆ ಹೊರಟ ಕೃಷ್ಣ ಹಸ್ತಿನಾವತಿ ತಲುಪುವಷ್ಟರಲ್ಲಿ ಮೈಕಟ್ಟು, ದನಿ, ವಯಸ್ಸು ಎಲ್ಲ ಬದಲಾಗಿರುತ್ತಾನೆ. ದೊಡ್ಡವರು ಇದನ್ನು ಹೊಂದಿಸಿಕೊಂಡು ನೋಡುತ್ತಾರೆ. ಕಥೆಯ ಜಾಡು ಹಿಡಿದು ಕೂತ ಎಂಟು ವರ್ಷದ ಹುಡುಗಿ ‘ಇವನ್ಯಾರು?’ ಎಂದು ಕೇಳಿದರೆ ತಪ್ಪು ಅವಳದೇ?

ರಾತ್ರಿಯಿಡೀ ಆಡುವುದು ಪರಂಪರೆ, ಅದನ್ನು ಮುಟ್ಟಬಾರದು ಎನ್ನುವವರಿಗೂ ಇದೇ ಲೆಕ್ಕ ಉತ್ತರ ಹೇಳುತ್ತದೆ. ಒಂದು ಕಾಲಕ್ಕೆ ಇರುಳಿಡೀ ಆಟಕ್ಕೆ ಕಾರಣವಿತ್ತು. ಸುತ್ತಲ ಹಳ್ಳಿಗಳಿಂದ ನಡೆದು ಬಂದವರು ಕತ್ತಲಲ್ಲಿ ವಾಪಸು ಹೋಗುವಂತಿರಲಿಲ್ಲ. ಬೆಳಕು ಹರಿಯುವವರೆಗೆ ಆಟ ಇರಬೇಕಿತ್ತು. ಈಗ ಮನೆಗೊಂದು ಬೈಕಿದೆ. ಆಟ ಉದ್ದವಾಗಿರುವುದು ಇಪ್ಪತ್ತೈದು ಜನ ದುಡ್ಡು ಕೊಟ್ಟವರ ಹಾಡುಗಳೆಲ್ಲ ಮುಗಿಯಬೇಕಾದ್ದರಿಂದ. ಈ ಸೀಮೆಯ ಮನೆಗಳ ದಿನಚರಿಗೂ ಆ ಹೊತ್ತಿಗೂ ಹೊಂದುವುದಿಲ್ಲ. ಇದು ಹೈನಿನ ನಾಡು. ಬೆಳಗಾಗುತ್ತಲೇ ಡೇರಿಗೆ ಹಾಲು ಹಾಕಬೇಕು, ಹಾಲು ಕರೆಯುವವರು ಹೆಚ್ಚಾಗಿ ಹೆಂಗಸರು. ಶಿಡ್ಲಘಟ್ಟದ ಕಡೆ ರೇಷ್ಮೆ ಹುಳು ಸಾಕುವ ಮನೆಯಲ್ಲಿ ನಾಲ್ಕನೇ ಜ್ವರ ಎದ್ದ ಹುಳುವಿಗೆ ಹೊತ್ತುಹೊತ್ತಿಗೆ ಸೊಪ್ಪು ಬೀಳದಿದ್ದರೆ ಇಡೀ ಬೆಳೆ ಹೋಗುತ್ತದೆ. ಗೂಡು ಬಿಡಿಸಿದವರು ಬೆಳಗ್ಗೆಯೇ ಮಾರುಕಟ್ಟೆಗೆ ಹೊರಡಬೇಕು. ಚಿಂತಾಮಣಿಯ ಟೊಮೆಟೊ ತೋಟಕ್ಕೂ ರಜೆಯಿಲ್ಲ. ಇಂಥ ಮನೆಯ ತಾಯಿ ಮಕ್ಕಳನ್ನು ಕಟ್ಟಿಕೊಂಡು ಬೆಳಗಿನ ಐದರವರೆಗೆ ಚಾಪೆಯ ಮೇಲೆ ಕೂರಲಿ ಎಂಬುದೇ ದುರಾಸೆ. ಸಂಜೆಯ ಹಾಲು ಹಾಕಿ ಬಂದ ಮೇಲೆ ಏಳರಿಂದ ಒಂಬತ್ತೂವರೆವರೆಗೆ ಅವಳಿಗೆ ಬಿಡುವಿದೆ. ಆ ಎರಡೂವರೆ ಗಂಟೆಯಲ್ಲಿ ನಾವು ಏನು ನಡೆಸುತ್ತೇವೆ? ಹ್ಯಾಂಡ್‌ಬಿಲ್ಲಿನಲ್ಲಿ ರಾತ್ರಿ ಎಂಟಕ್ಕೆ ಎಂದಿರುತ್ತದೆ. ಎಂಟರಿಂದ ಹತ್ತರವರೆಗೆ ವೇದಿಕೆ ಗಣ್ಯರದು: ಹಾರ, ಪೇಟ, ಶಾಲು, ದಾನಿಗಳ ಪಟ್ಟಿ, ಭಾಷಣ. ಮಕ್ಕಳು ಪೂರ್ತಿ ಎಚ್ಚರವಾಗಿರುವ ಹೊತ್ತನ್ನೆಲ್ಲ ಸನ್ಮಾನಕ್ಕೆ ಕೊಟ್ಟು, ಅವರು ತೂಕಡಿಸತೊಡಗಿದಾಗ ಪರದೆ ಎತ್ತುತ್ತೇವೆ. ಆ ಭಾಷಣಗಳಲ್ಲಿ ಒಂದರ ವಿಷಯ ‘ಇಂದಿನ ಮಕ್ಕಳಿಗೆ ಕಲೆಯ ಆಸಕ್ತಿ ಇಲ್ಲ’ ಎಂಬುದಾಗಿರುತ್ತದೆ.

ಹೊತ್ತು ಸರಿಪಡಿಸಿದರೆ ಸಾಕೆ? ಸಾಲದು. ಕರಾವಳಿಯಲ್ಲಿ ಧರ್ಮಸ್ಥಳ ಮೇಳದಂಥ ಹಳೆಯ ಮೇಳವೇ ಇರುಳಿಡೀ ಆಟ ಬಿಟ್ಟು ಕಾಲಮಿತಿಗೆ ಬಂದಿದೆ. ಅದರಿಂದ ಅನುಕೂಲವಾಗಿರಬಹುದು, ಆದರೆ ಅಲ್ಲಿನ ಮಕ್ಕಳು ಯಕ್ಷಗಾನ ನೋಡುವುದಕ್ಕೆ ಅದು ಮೂಲ ಕಾರಣವಲ್ಲ. ಆ ಮಾತಿಗೆ ಮುಂದೆ ಬರುತ್ತೇನೆ. ಇಲ್ಲಿ ಇನ್ನೂ ಆಳದ ಒಂದು ಕೊರತೆಯಿದೆ: ನಾಟಕಗಳ ಪಟ್ಟಿಯೇ ಸವೆದುಹೋಗಿದೆ. ಕಂಪನಿ ನಾಟಕದ ಕಾಲದಲ್ಲಿ ಭಕ್ತ ಪ್ರಹ್ಲಾದ, ಧ್ರುವ, ಮಾರ್ಕಂಡೇಯ, ಲವಕುಶ, ಕೃಷ್ಣಲೀಲೆ ಮುಂತಾದ ಕಥೆಗಳು ರಂಗದ ಮೇಲೆ ಓಡುತ್ತಿದ್ದವು. ಹರಿಶ್ಚಂದ್ರನ ಕಥೆಗೂ ಲೋಹಿತಾಶ್ವ ಬೇಕಿತ್ತು. ಈ ಕಥೆಗಳ ನಡುಗಂಬವೇ ಒಂದು ಮಗು. ಮಗು ಹಾಡಬೇಕು, ಅಳಬೇಕು, ದೊಡ್ಡವರನ್ನು ಎದುರಿಸಿ ಮಾತಾಡಬೇಕು. ಆದ್ದರಿಂದ ಕಂಪನಿಗಳಿಗೆ ಹುಡುಗರು ಬೇಕಾಗಿದ್ದರು, ಹುಡುಗರು ಬಂದರು. ತಂದೆಯ ಜೊತೆ ಗುಬ್ಬಿ ಕಂಪನಿ ಸೇರಿದ ಬಾಲಕ ಮುಂದೆ ರಾಜ್‌ಕುಮಾರ್ ಆದರು. ಮನೆ ಬಿಟ್ಟು ಓಡಿಬಂದು ಅದೇ ಕಂಪನಿ ಸೇರಿದ ಹುಡುಗ ಬಿ.ವಿ. ಕಾರಂತರಾದರು. ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀ ಬಾಲ್ಯದಲ್ಲೇ ರಂಗ ಹತ್ತಿದವರು. ಈ ಮೂವರೂ ದೊಡ್ಡವರಾದ ಮೇಲೆ ಮಾಡಿದ ಕೆಲಸವನ್ನು ಕನ್ನಡಿಗರಿಗೆ ವಿವರಿಸಬೇಕಿಲ್ಲ. ಈಗ ಊರೂರಲ್ಲೂ ಉಳಿದಿರುವ ‘ಕುರುಕ್ಷೇತ್ರ’ ಗಂಡಸರ ಜಗಳದ ಕಥೆ. ಅದರಲ್ಲಿ ಬಾಲಪಾತ್ರಕ್ಕೆ ಅವಕಾಶವೇ ಅಪರೂಪ. ಇರುವ ಎಳೆಯ ಅಭಿಮನ್ಯುವೂ ಮೀಸೆ ಬೋಳಿಸಿದ ಮೂವತ್ತೈದರ ಗೃಹಸ್ಥನ ಪಾಲಾಗುತ್ತಾನೆ. ದ್ರೌಪದಿ, ಕುಂತಿ, ಉತ್ತರೆಯರ ಪಾತ್ರಕ್ಕೆ ತುಮಕೂರಿನಿಂದಲೋ ಬೆಂಗಳೂರಿನಿಂದಲೋ ನಟಿಯರು ಬರುತ್ತಾರೆ. ಅವರ ಹಾಡುಗಾರಿಕೆಯಿಂದಲೇ ಎಷ್ಟೋ ನಾಟಕಗಳು ಮಾನ ಉಳಿಸಿಕೊಂಡಿವೆ, ಅದು ಬೇರೆ ಮಾತು. ಆದರೆ ಊರಿನ ಹೆಣ್ಣುಮಗಳು ರಂಗ ಹತ್ತುವುದಿಲ್ಲ, ಊರಿನ ಮಗು ಹತ್ತುವುದಿಲ್ಲ. ಕುಟುಂಬದ ಮೂರು ಪಾಲಿನಲ್ಲಿ ಎರಡನ್ನು ಹೊರಗಿಟ್ಟು, ಕುಟುಂಬ ಬರುತ್ತಿಲ್ಲ ಎಂದರೆ ಹೇಗೆ?

ಶಾಲೆಯ ಕಡೆಯ ತಪ್ಪೂ ಇಷ್ಟೇ ದೊಡ್ಡದು. ವಾರ್ಷಿಕೋತ್ಸವದ ವೇದಿಕೆಯಲ್ಲಿ ಮಕ್ಕಳಿದ್ದಾರೆ, ಎದುರಿಗೆ ಕುಟುಂಬಗಳಿವೆ. ಇಲ್ಲದಿರುವುದು ಜೀವಂತ ಸಂಗೀತ ಒಂದೇ. ಪೆನ್‌ಡ್ರೈವಿನಿಂದ ಸಿನಿಮಾ ಹಾಡು ಹೊರಡುತ್ತದೆ, ಮಕ್ಕಳು ಬಾಯಿ ಮುಚ್ಚಿಕೊಂಡು ಕುಣಿಯುತ್ತಾರೆ. ನಾಟಕ ಇದ್ದರೂ ಮಾತು ಮೊದಲೇ ರೆಕಾರ್ಡ್ ಆಗಿರುತ್ತದೆ, ಮಗು ತುಟಿ ಆಡಿಸುತ್ತದೆ. ಎರಡು ತಿಂಗಳು ಅಭ್ಯಾಸ ಮಾಡಿದ ಮಗುವಿನ ದನಿಯನ್ನು ಅದರ ತಾಯಿ ಆ ರಾತ್ರಿ ಕೇಳಿರುವುದಿಲ್ಲ. ಸರ್ಕಾರದ ಪ್ರತಿಭಾ ಕಾರಂಜಿಯಲ್ಲಿ ಭಕ್ತಿಗೀತೆಯೇ ಬೇರೆ, ಜಾನಪದ ಗೀತೆಯೇ ಬೇರೆ, ಛದ್ಮವೇಷವೇ ಬೇರೆ. ಹಾಡುವವನು ವೇಷ ಹಾಕುವಂತಿಲ್ಲ, ವೇಷ ಹಾಕಿದವನು ಹಾಡುವಂತಿಲ್ಲ ಎಂಬ ಹಾಗೆ ಒಂದೇ ಕಲೆಯನ್ನು ಬಿಡಿಬಿಡಿಯಾಗಿಸಿ ಬಹುಮಾನ ಹಂಚುತ್ತೇವೆ. ಪ್ರೌಢಶಾಲೆಗಳಿಗೆ ನಾಟಕ ಶಿಕ್ಷಕರನ್ನು ಸರ್ಕಾರ ಒಮ್ಮೆ ನೇಮಿಸಿದ್ದುಂಟು, ಆದರೆ ರಾಜ್ಯದ ಶಾಲೆಗಳ ಸಂಖ್ಯೆಯೆದುರು ಅವರು ಲೆಕ್ಕಕ್ಕೆ ಸಿಗುವಷ್ಟಿಲ್ಲ. ಹೀಗೆ ಒಂದೇ ತಾಲ್ಲೂಕಿನಲ್ಲಿ ಹಾಡುನಾಟಕ ಎರಡು ಹೋಳಾಗಿದೆ. ದೇವಸ್ಥಾನದ ಬಯಲಿನಲ್ಲಿ ಹಾರ್ಮೋನಿಯಂ ಇದೆ, ಮಕ್ಕಳಿಲ್ಲ. ಶಾಲೆಯ ಬಯಲಿನಲ್ಲಿ ಮಕ್ಕಳಿದ್ದಾರೆ, ಹಾರ್ಮೋನಿಯಂ ಇಲ್ಲ. ಎರಡಕ್ಕೂ ನಡುವೆ ಕೆಲವೊಮ್ಮೆ ಒಂದು ರಸ್ತೆ ಮಾತ್ರ ಇರುತ್ತದೆ. ಬೇಸಿಗೆಯ ನಾಟಕ ಮುಗಿದ ಮೇಲೆ ಮಳೆಗಾಲವೆಲ್ಲ ಬೇರೆ ಕೂಲಿ ನೋಡಿಕೊಳ್ಳುವ ಹಾರ್ಮೋನಿಯಂ ಮೇಷ್ಟ್ರು ಆ ರಸ್ತೆ ದಾಟಿ ಶಾಲೆಗೆ ಹೋಗಲು ಯಾರೂ ವ್ಯವಸ್ಥೆ ಮಾಡಿಲ್ಲ. ನೂರಾರು ಮಟ್ಟುಗಳನ್ನು ತಲೆಯಲ್ಲಿಟ್ಟುಕೊಂಡಿರುವ ಮನುಷ್ಯ ಪದವಿ ಇಲ್ಲದ್ದರಿಂದ ಶಿಕ್ಷಕನಲ್ಲ.

ಕರಾವಳಿಯ ಮಾತು ಎತ್ತಿದರೆ ‘ಅಲ್ಲಿನ ಕಥೆಯೇ ಬೇರೆ, ಅದು ಅವರ ರಕ್ತದಲ್ಲಿದೆ’ ಎಂಬ ಆಕ್ಷೇಪ ಕಟ್ಟಿಟ್ಟದ್ದು. ರಕ್ತದಲ್ಲಿ ಏನೂ ಇರುವುದಿಲ್ಲ. 1975ರಲ್ಲಿ ಎಚ್. ಶ್ರೀಧರ ಹಂದೆ ಮತ್ತು ಕಾರ್ಕಡ ಶ್ರೀನಿವಾಸ ಉಡುಪರು ಸಾಲಿಗ್ರಾಮ ಮಕ್ಕಳ ಮೇಳ ಕಟ್ಟಿದಾಗ ಯಕ್ಷಗಾನವೂ ವೃತ್ತಿಪರ ಗಂಡಸರ ಕಲೆಯೇ ಆಗಿತ್ತು. ಮಕ್ಕಳಿಗೆ ಗೆಜ್ಜೆ ಕಟ್ಟಿಸಿ, ಭಾಗವತರ ಹಾಡಿಗೆ, ಚಂಡೆ ಮದ್ದಳೆಯ ಎದುರು ನಿಲ್ಲಿಸಿದರು. ಆಮೇಲೆ ಉಡುಪಿಯಲ್ಲಿ ಯಕ್ಷಶಿಕ್ಷಣ ಟ್ರಸ್ಟ್ ಪ್ರೌಢಶಾಲೆಗಳಿಗೆ ಗುರುಗಳನ್ನು ಕಳಿಸಿ, ವರ್ಷದ ಕೊನೆಗೆ ಆ ಶಾಲೆಗಳ ಮಕ್ಕಳಿಂದಲೇ ಪ್ರಸಂಗ ಆಡಿಸುವ ಏರ್ಪಾಡು ಮಾಡಿತು. ಹುಡುಗರಷ್ಟೇ ಹುಡುಗಿಯರೂ ವೇಷ ಕಟ್ಟುತ್ತಾರೆ. ಉಡುಪಿಯ ಮಕ್ಕಳಿಗೇನೂ ಮೊಬೈಲ್ ಕಡಿಮೆಯಿಲ್ಲ. ಅಂಕಗಳ ಪೈಪೋಟಿಯಂತೂ ಅಲ್ಲಿ ಇನ್ನೂ ಜಾಸ್ತಿ. ಒಮ್ಮೆ ತಾಳ ಹಾಕಿ ಕುಣಿದ ಮಗು ದೊಡ್ಡವರ ಮೇಳದ ಆಟಕ್ಕೆ ಹೋದಾಗ ಅದರ ಕಣ್ಣೇ ಬೇರೆ. ಪಕ್ಕದಲ್ಲಿ ಕೂತ ತಂದೆತಾಯಿಗೆ ಅದೇ ವಿವರಿಸಿ ಹೇಳುತ್ತದೆ. ನೋಡುಗರನ್ನು ಹುಟ್ಟಿಸುವ ದಾರಿ ಅದು. ಪಕ್ಕದ ಆಂಧ್ರದಲ್ಲೂ ಇದಕ್ಕೆ ಪುರಾವೆಯಿದೆ. 1885ರಲ್ಲಿ ಕಡಪ ಸೀಮೆಯ ಸುರಭಿ ಎಂಬ ಊರಿನಲ್ಲಿ ವನಾರಸ ಗೋವಿಂದರಾವ್ ಆರಂಭಿಸಿದ ಸುರಭಿ ನಾಟಕ ಕಂಪನಿ ಒಂದು ದೊಡ್ಡ ಕುಟುಂಬವೇ ಆಗಿ ಬೆಳೆಯಿತು. ಅಲ್ಲಿ ಮಗು ನಡೆಯಲು ಕಲಿತ ಮೇಲೆ ಮೊದಲು ಹೋಗುವುದೇ ರಂಗದ ಮೇಲಕ್ಕೆ. ‘ಮಾಯಾಬಜಾರ್’ನ ತಂತ್ರಗಳಿಗೆ ಬಾಯಿ ತೆರೆದು ಕೂರುವ ಮಕ್ಕಳು ಅವರ ಖಾಯಂ ಪ್ರೇಕ್ಷಕರು. ಇಂಗ್ಲೆಂಡಿನಲ್ಲಿ ಕ್ರಿಸ್‌ಮಸ್ ಹೊತ್ತಿಗೆ ಆಡುವ ಪ್ಯಾಂಟೊಮೈಮ್ ಎಂಬ ಹಾಡುನಾಟಕದಲ್ಲಿ ಮಕ್ಕಳು ಕುರ್ಚಿಯಲ್ಲಿ ಕೂತೇ ಕೂಗಿ ಪಾತ್ರಗಳಿಗೆ ಉತ್ತರ ಕೊಡಬೇಕು. ಎಷ್ಟೋ ರಂಗಮಂದಿರಗಳ ವರ್ಷದ ಗಳಿಕೆ ಆ ಕೆಲವು ವಾರಗಳ ಮೇಲೆ ನಿಂತಿದೆ. ಎಲ್ಲ ಕಡೆಯೂ ಸೂತ್ರ ಒಂದೇ: ಮಗುವಿಗೆ ಅಲ್ಲಿ ಮಾಡಲು ಏನೋ ಕೆಲಸವಿದೆ.

ನಮ್ಮ ಸೀಮೆಯಲ್ಲೇ ಪುರಾವೆ ಬೇಕೆನ್ನುವವರು ಕೈವಾರಕ್ಕೆ ಹೋಗಲಿ. ಗುರುಪೂರ್ಣಿಮೆಯ ಹೊತ್ತಿಗೆ ಅಲ್ಲಿ ಮೂರು ದಿನ ಹಗಲೂ ರಾತ್ರಿ ಬಿಡುವಿಲ್ಲದೆ ಸಂಗೀತ ನಡೆಯುತ್ತದೆ. ದೊಡ್ಡ ವಿದ್ವಾಂಸರ ಜೊತೆಗೇ ಹಳ್ಳಿಗಳ ಭಜನೆ ತಂಡಗಳೂ ಹಾಡುತ್ತವೆ. ಆ ತಂಡಗಳಲ್ಲಿ ಮುದುಕರ ಪಕ್ಕ ಕಂಜಿರವೋ ತಾಳವೋ ಹಿಡಿದ ಹುಡುಗ ಹುಡುಗಿಯರು ಇರುತ್ತಾರೆ. ಅಲ್ಲಿನ ಸಂತಕವಿ ನಾರೇಯಣ ತಾತಯ್ಯನವರು ತೆಲುಗಿನಲ್ಲೂ ಹಾಡಿದರು, ಕನ್ನಡದಲ್ಲೂ ಹಾಡಿದರು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಇಂಗ್ಲಿಷು, ಬೀದಿಯಲ್ಲಿ ಕನ್ನಡ ಎಂಬಂತೆ ಬೆಳೆಯುವ ಮಕ್ಕಳಿಗೆ ಆ ತತ್ವಪದಗಳ ಅರ್ಥ ಪೂರ್ತಿ ಆಗುವುದಿಲ್ಲ, ಆದರೂ ತಾಳ ತಪ್ಪುವುದಿಲ್ಲ. ಕಂದಪದ್ಯದ ಭಾಷೆ ಈಗಿನ ಮಕ್ಕಳಿಗೆ ಅರ್ಥವಾಗದು, ಆದ್ದರಿಂದ ನಾಟಕ ರುಚಿಸದು ಎಂಬ ಆಕ್ಷೇಪಕ್ಕೆ ಇದಕ್ಕಿಂತ ನೇರವಾದ ಉತ್ತರ ಬೇಕಿಲ್ಲ. ಹಾಡು ಮೊದಲು ಗಂಟಲಿಗೆ ಹೋಗುತ್ತದೆ, ಅರ್ಥ ನಿಧಾನವಾಗಿ ಹಿಂಬಾಲಿಸುತ್ತದೆ. ಮಟ್ಟಿನ ಜೊತೆ ಹಾಡಿ ಕಲಿತ ನಡುಗನ್ನಡದ ಪದ ಪಠ್ಯಪುಸ್ತಕದ ಅಡಿಟಿಪ್ಪಣಿಯಲ್ಲಿ ಓದಿದ ಪದಕ್ಕಿಂತ ಹೆಚ್ಚು ದಿನ ಬಾಳುತ್ತದೆ.

ಮಕ್ಕಳ ನಾಟಕ ಎಂದಕೂಡಲೇ ನಮ್ಮಲ್ಲಿ ಇನ್ನೊಂದು ಪೀಡೆ ತಲೆಹಾಕುತ್ತದೆ: ಸಂದೇಶ. ಶೌಚಾಲಯ ಕಟ್ಟಿಸಿ, ಮತ ಹಾಕಿ, ಪ್ಲಾಸ್ಟಿಕ್ ಬಿಡಿ, ಗುರುಹಿರಿಯರನ್ನು ಗೌರವಿಸಿ. ಇಲಾಖೆಗಳು ಅನುದಾನ ಕೊಡುವುದು ಇಂಥವಕ್ಕೆ, ಶಾಲೆಗಳು ಒಪ್ಪುವುದೂ ಇಂಥವನ್ನೇ. ಬೋಧನೆಯಿಂದ ತಪ್ಪಿಸಿಕೊಂಡು ಬಂದ ಮಗುವಿಗೆ ವೇದಿಕೆಯ ಮೇಲಿಂದ ಮತ್ತೆ ಬೋಧನೆ. ಕನ್ನಡದಲ್ಲಿ ಮಕ್ಕಳ ರಂಗಭೂಮಿಗೆ ಜೀವ ಬಂದದ್ದು ಈ ದಾರಿಯಲ್ಲಿ ಅಲ್ಲ. ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯಲ್ಲಿ ಮಾತಿಗೆ ತಪ್ಪುವವರು ದೊಡ್ಡವರು, ಅನುಭವಿಸುವವರೂ ದೊಡ್ಡವರು. ಬಿ.ವಿ. ಕಾರಂತರ ‘ಪಂಜರಶಾಲೆ’ ಟಾಗೋರರ ಗಿಳಿಯ ಕಥೆಯನ್ನಿಟ್ಟುಕೊಂಡು ಶಾಲೆಯನ್ನೇ ಗೇಲಿ ಮಾಡುತ್ತದೆ. ಪ್ರೇಮಾ ಕಾರಂತರು 1979ರಲ್ಲಿ ಬೆನಕ ಮಕ್ಕಳ ಕೇಂದ್ರ ಆರಂಭಿಸಿ ಆಡಿಸಿದ ನಾಟಕಗಳಲ್ಲಿ ಹಾಡು, ಕುಣಿತ, ಪ್ರಾಣಿಗಳ ಸೋಗು ಇದ್ದವು, ಉಪದೇಶ ಹಿಂದಕ್ಕೆ ಸರಿದಿತ್ತು. ಅವು ಬೆಂಗಳೂರಿನಲ್ಲಿ ಗೆದ್ದವು, ಆದರೆ ನಂದಿಬೆಟ್ಟದ ಈಚೆಗೆ ಒಂದು ಪರಂಪರೆಯಾಗಿ ಇಳಿಯಲಿಲ್ಲ. ಇಳಿಯಬೇಕಾದರೆ ಇಲ್ಲಿನ ಹಾರ್ಮೋನಿಯಂ ಮೇಷ್ಟರ ಕೈಯಲ್ಲಿ ಇಳಿಯಬೇಕಿತ್ತು. ಬೇಸಿಗೆ ಶಿಬಿರಕ್ಕೆ ಹತ್ತು ದಿನ ಬಂದು ಹೋಗುವ ನಗರದ ನಿರ್ದೇಶಕರಿಂದ ಅದು ಆಗುವ ಕೆಲಸವಲ್ಲ.

ಈಗ ಗಂಭೀರವಾದ ಒಂದು ವಿರೋಧಕ್ಕೆ ಬರೋಣ. ಪುರಾಣ ಕಥೆಗಳನ್ನೇ ಏಕೆ ಮಕ್ಕಳ ತಲೆಗೆ ತುಂಬಬೇಕು, ಜಾತಿ, ಶಾಪ, ಪವಾಡ, ಯುದ್ಧ ಎಲ್ಲ ಅದರಲ್ಲಿದೆಯಲ್ಲ ಎನ್ನುವವರಿದ್ದಾರೆ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ಪವಾಡಗಳನ್ನು ಪ್ರಶ್ನಿಸಲು ಸಮಿತಿಯನ್ನೇ ರಚಿಸಿದವರು. ಅವರ ನೆಲದಲ್ಲಿ ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಆದರೆ ಅದೇ ನರಸಿಂಹಯ್ಯನವರು ಬೆಂಗಳೂರು ಲಲಿತಕಲಾ ಪರಿಷತ್ತನ್ನೂ ಕಟ್ಟಿದರು ಎಂಬುದನ್ನು ಮರೆಯಬಾರದು. ಪ್ರಶ್ನೆ ಕೇಳುವುದಕ್ಕೂ ಹಾಡು ಕೇಳುವುದಕ್ಕೂ ಅವರಿಗೆ ವೈರ ಕಾಣಲಿಲ್ಲ. ಪುರಾಣವೇ ಆಗಬೇಕೆಂದು ನಾನು ಹಟ ಹಿಡಿಯುತ್ತಿಲ್ಲ. ಹಿಡಿಯುವುದೇ ಆದರೂ ಆಯ್ಕೆ ನಮ್ಮ ಕೈಯಲ್ಲಿದೆ. ಕೈವಾರವೇ ಏಕಚಕ್ರಪುರ, ಭೀಮ ಬಕಾಸುರನನ್ನು ಕೊಂದದ್ದು ಅಲ್ಲಿಯೇ ಎಂಬುದು ಈ ಭಾಗದ ನಂಬಿಕೆ. ವಿದುರಾಶ್ವತ್ಥದ ಅರಳಿಮರವನ್ನು ವಿದುರನೇ ನೆಟ್ಟನೆಂಬ ಐತಿಹ್ಯವಿದೆ. ಅದೇ ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ರಂದು ಬಾವುಟ ಹಾರಿಸಲು ಸೇರಿದ ಜನರ ಮೇಲೆ ಗುಂಡು ಹಾರಿತು. ಮಹಾಭಾರತವನ್ನೂ ಸ್ವಾತಂತ್ರ್ಯದ ಹೋರಾಟವನ್ನೂ ಮಕ್ಕಳು ಬಸ್ಸಿನಲ್ಲಿ ಹೋಗಿ ನೋಡಿಬರಬಹುದಾದ ಜಾಗಗಳಿವು. ಬಂಡಿ ಅನ್ನವನ್ನು ದಾರಿಯಲ್ಲೇ ತಾನೇ ಉಂಡು ಮುಗಿಸುವ ಭೀಮನಿಗಿಂತ ಒಳ್ಳೆಯ ಮಕ್ಕಳ ಪಾತ್ರ ಯಾವುದಿದೆ? ಅದರಲ್ಲಿ ಊರವರ ಭಯವಿದೆ, ಸರದಿಯ ಅನ್ಯಾಯವಿದೆ, ಹೊಟ್ಟೆ ತುಂಬ ನಗುವಿದೆ, ಮೇಳದಲ್ಲಿ ಹಾಡಲು ಇಡೀ ತರಗತಿಗೆ ಜಾಗವಿದೆ. ಊರೂರ ‘ಕುರುಕ್ಷೇತ್ರ’ ಶುರುವಾಗುವ ಹೊತ್ತಿಗೆ ಬಕಾಸುರ ಸತ್ತು ವರ್ಷಗಳಾಗಿರುತ್ತವೆ.

ಸಂಗೀತದ ಕಡೆಯಿಂದ ಬರುವ ತಕರಾರು ಬೇರೆ ಬಗೆಯದು: ಮಕ್ಕಳಿಂದ ರಂಗಸಂಗೀತದ ಗುಣ ಕೆಡುತ್ತದೆ, ಎತ್ತರದ ಶ್ರುತಿಯಲ್ಲಿ ಆಲಾಪ ಮಾಡಿ ಕಂದ ನಿಲ್ಲಿಸಲು ವರ್ಷಗಟ್ಟಲೆ ಸಾಧನೆ ಬೇಕು ಎಂಬುದು. ಸಾಧನೆ ಬೇಕು, ನಿಜ. ಆದರೆ ಐವತ್ತು ದಾಟಿದ ಮೇಲೆ ಮೊದಲ ಬಾರಿ ಪಾತ್ರ ಕೊಂಡು, ಎರಡು ತಿಂಗಳ ತಾಲೀಮಿನಲ್ಲಿ ಹಾರ್ಮೋನಿಯಮ್ಮಿನ ಜೊತೆ ಗುದ್ದಾಡುವವರನ್ನು ಒಪ್ಪಿಕೊಂಡ ಕಲೆ ಗುಣದ ಹೆಸರಿನಲ್ಲಿ ಮಗುವನ್ನು ತಡೆಯುವುದು ವಿಚಿತ್ರ. ಆ ಎತ್ತರದ ಶ್ರುತಿ ಮೈಕಿಲ್ಲದ ಕಾಲದ ಅಗತ್ಯವಾಗಿತ್ತು, ಹುಡುಗರ ಎಳೆದನಿಗೆ ಅದು ಸಲೀಸಾಗಿ ಒಗ್ಗುತ್ತದೆ. ಸಾಧನೆ ಶುರುವಾಗಬೇಕಾದ ವಯಸ್ಸೂ ಅದೇ.

ಕೊನೆಗೆ ದುಡ್ಡಿನ ಮಾತು. ರಂಗಮಂದಿರಕ್ಕೆ ಕೋಟಿ ಕೇಳುವವರಿಗೆ ಇದು ಸಣ್ಣ ವಿಷಯವಾಗಿ ಕಾಣಬಹುದು. ಒಂದು ರಾತ್ರಿಯ ‘ಕುರುಕ್ಷೇತ್ರ’ಕ್ಕೆ ಊರು ಸುರಿಯುವ ಹಣದ ಒಂದು ಪಾಲಿನಲ್ಲಿ ಹಾರ್ಮೋನಿಯಂ ಮೇಷ್ಟರೂ ತಬಲದವರೂ ವಾರಕ್ಕೆ ಎರಡು ಸಂಜೆ ಶಾಲೆಗೆ ಬರಬಹುದು. ವ್ಯವಸ್ಥೆ ಮಾಡಬೇಕಾದವರು ಮೂವರು: ನಾಟಕದ ಸಂಘ, ಶಾಲಾಭಿವೃದ್ಧಿ ಸಮಿತಿ, ಗ್ರಾಮ ಪಂಚಾಯತಿ. ಬಹುತೇಕ ಊರುಗಳಲ್ಲಿ ಈ ಮೂರರಲ್ಲೂ ಕೂರುವವರು ಅವರವರೇ. ಶಾಲೆಯ ಹಬ್ಬದಲ್ಲಿ ಒಂದು ಗಂಟೆಯ ಹಾಡುನಾಟಕ ಸಿದ್ಧವಾದರೆ, ಊರ ನಾಟಕದ ರಾತ್ರಿ ಏಳಕ್ಕೆ ಅದೇ ಸೀನರಿ, ಅದೇ ಮೈಕು, ಅದೇ ಹಾರ್ಮೋನಿಯಮ್ಮಿನ ಮೇಲೆ ಅದನ್ನೇ ಮತ್ತೆ ಆಡಬಹುದು. ಖರ್ಚು ಬೇರೆಯಾಗಿ ಹುಟ್ಟುವುದಿಲ್ಲ. ಸನ್ಮಾನ ಬೇಕೇ ಬೇಕೆಂದರೆ ಮಧ್ಯರಾತ್ರಿಯ ಮೇಲೆ ಇಟ್ಟುಕೊಳ್ಳಲಿ, ಆಗ ಎಷ್ಟು ಗಣ್ಯರು ಎಚ್ಚರವಾಗಿರುತ್ತಾರೆ ಎಂಬುದೂ ತಿಳಿಯುತ್ತದೆ. ಪಾಠ ಹಿಂದೆ ಬೀಳುತ್ತದೆ ಎಂಬ ಮುಖ್ಯೋಪಾಧ್ಯಾಯರ ಆತಂಕ ಸುಳ್ಳಲ್ಲ, ಆದರೆ ಪರೀಕ್ಷೆ ಇರುವುದು ಮಾರ್ಚಿನಲ್ಲಿ. ಸ್ವಾತಂತ್ರ್ಯ ದಿನಾಚರಣೆ ಮುಗಿದ ಮಾರನೆಯ ವಾರ ತಾಲೀಮು ಕೂಡಿಸಿದರೆ ಡಿಸೆಂಬರಿನ ಹಬ್ಬಕ್ಕೆ ಮೂರೂವರೆ ತಿಂಗಳು ಸಿಗುತ್ತದೆ. ಊರಿನ ಕೃಷ್ಣರಿಗೂ ದುರ್ಯೋಧನರಿಗೂ ಅಷ್ಟು ದಿನ ಸಿಗುವುದಿಲ್ಲ.